ಮೂವತ್ತೆಂಟು ಸೆಕೆಂಡು

ನಿಧಾನವಾಗಿರುವುದನ್ನು ಅವಳು ಎದ್ದಾಗಿನಿಂದ ಅಭ್ಯಾಸ ಮಾಡುತ್ತಿದ್ದಳು. ಹಲ್ಲುಜ್ಜುವಾಗ ಮನಸ್ಸಿನಲ್ಲೇ ನೂರರವರೆಗೆ ಎಣಿಸಿದಳು. ಜಡೆ ಹೆಣೆಯುವಾಗ ಒಂದೊಂದು ಮಡಿಕೆಗೂ ಒಂದೊಂದು ಉಸಿರು ಎಂದು ಇಟ್ಟುಕೊಂಡಳು. ಅಲ್ಲಿಯತನಕ ಸರಿಯಾಗಿಯೇ ನಡೆಯಿತು. ಪಾತ್ರೆ ತೊಳೆಯಲು ನಿಂತಾಗ ಎಲ್ಲಿ ಎಣಿಕೆ ತಪ್ಪಿತೋ ತಿಳಿಯದು, ಎಚ್ಚರವಾಗುವಷ್ಟರಲ್ಲಿ ತಟ್ಟೆ ಲೋಟಗಳೆಲ್ಲ ಬೋರಲು ಬಿದ್ದು ನೀರಿಳಿಸುತ್ತಿದ್ದವು, ಕೈಗಳು ಆಗಲೇ ಕಟ್ಟೆ ಒರೆಸುತ್ತಿದ್ದವು. ಹಾಳಾದ ಕೈಗಳು! ತನ್ನ ಮೈಯಲ್ಲೇ ಇದ್ದುಕೊಂಡು, ತನ್ನ ಅನ್ನವನ್ನೇ ತಿಂದುಕೊಂಡು ತನ್ನ ಮಾತನ್ನೇ ಕೇಳುವುದಿಲ್ಲ. ಒಂದು ಲೋಟವನ್ನು ಮತ್ತೆ ಎತ್ತಿ ಸೋಪು ಹಚ್ಚಿ, ಒಂದು, ಎರಡು, ಮೂರು ಎಂದುಕೊಳ್ಳುತ್ತ ಉಜ್ಜತೊಡಗಿದಳು. ಹಿಂದೆ ಬಂದು ನಿಂತಿದ್ದ ಅತ್ತೆ, "ತೊಳೆದಿದ್ದನ್ನೇ ತೊಳೀತಾ ಇದೀಯಲ್ಲ, ತಲೆ ನೆಟ್ಟಗಿದೆಯಾ ನಿಂಗೆ? ವ್ಯಾನಿನವನೇನು ನಿಮ್ಮ ಮಾವನ ಮಗನಾ, ಕಾಯ್ಕೊಂಡು ನಿಂತಿರೋಕೆ?" ಎಂದರು. ಬಚ್ಚಲಿನಲ್ಲಿ ನಾದಿನಿ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿಸುತ್ತಿತ್ತು. ಅತ್ತೆ ಆ ಕಡೆ ಹೋದರು.

ನಾದಿನಿಗೆ ನಾಲ್ಕು ತಿಂಗಳು ತುಂಬಿ ಐದರಲ್ಲಿತ್ತು. ಇದು ಮೂರನೆಯದು. ಮೊದಲಿನ ಎರಡೂ ಮೂರು ತಿಂಗಳು ಕಾಣುವ ಮೊದಲೇ ಹೋಗಿದ್ದವು. ಗಂಡ ದೂರದೂರುಗಳಿಗೆ ಲಾರಿ ಓಡಿಸುವವನು, ತಿಂಗಳಿಗೊಮ್ಮೆ ಬಂದು ಎರಡು ದಿನ ನಿದ್ದೆ ಮಾಡಿ ಹೋಗುವವನು. ಅದಕ್ಕೇ ಅವಳು ತವರಲ್ಲೇ ಇದ್ದಳು. ಡಾಕ್ಟರಮ್ಮ ಎರಡೇ ಮಾತು ಹೇಳಿದ್ದರು: ಚೆನ್ನಾಗಿ ನೀರು ಕುಡಿ, ಒಂದಕ್ಕೆ ಬಂದರೆ ತಡೆದುಕೊಳ್ಳಬೇಡ. ಕೇಳಿದರೆ ನಗು ಬರುವಂಥ ಮಾತು. ಆದರೆ ಅವರಿಬ್ಬರೂ ಹೋಗುವ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಈ ಎರಡಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಿಲ್ಲ. ಕಾನೂನು ಏನೇ ಹೇಳಲಿ, ಅಲ್ಲಿ ಕೆಲಸಕ್ಕೆ ಸೇರಿ ವರ್ಷ ತುಂಬಿದವಳಿಗೆ ಹೆರಿಗೆ ರಜೆ ಉಂಟು, ಮತ್ತೆ ಅದೇ ಜಾಗವೂ ಉಂಟು. ತುಂಬದವಳು ಬಸುರಿ ಎಂದು ಗೊತ್ತಾದರೆ "ಮನೇಲಿ ರೆಸ್ಟ್ ತಗೊಳಮ್ಮ" ಎಂದು ನಯವಾಗಿ ಹೇಳಿ ಕುತ್ತಿಗೆಯಿಂದ ಕಾರ್ಡು ಬಿಚ್ಚಿಸಿಕೊಳ್ಳುತ್ತಾರೆ. ನಾದಿನಿಗೆ ವರ್ಷ ತುಂಬಲು ಇನ್ನು ಇಪ್ಪತ್ತಾರು ದಿನ. ಏಪ್ರನ್ನು ಎರಡು ಸೈಜು ದೊಡ್ಡದು ಹಾಕಿಕೊಳ್ಳುತ್ತಿದ್ದಳು. ಇಪ್ಪತ್ತಾರು ದಿನ ಯಾರ ಕಣ್ಣಿಗೂ ಬೀಳಬಾರದು, ಯಾರಿಂದಲೂ ಬೈಸಿಕೊಳ್ಳಬಾರದು, ಟಾರ್ಗೆಟ್ಟಿಗೆ ಒಂದು ಪೀಸೂ ಕಮ್ಮಿ ಬೀಳಬಾರದು. ಈಗಿನ ಟಾರ್ಗೆಟ್ಟಿಗೇ ಅವಳು ಏದುಸಿರು ಬಿಡುತ್ತಿದ್ದಳು. ಇನ್ನು ಅದು ಮೇಲೇರಿದರೆ ಮುಗಿಯಿತು.

ಏರುವುದೋ ಬಿಡುವುದೋ ಇವತ್ತು ತೀರ್ಮಾನವಾಗಲಿತ್ತು, ಅದೂ ತನ್ನ ಕೈಯಿಂದ. ನಿನ್ನೆ ಸಂಜೆ ಸೂಪರ್‌ವೈಸರ್ ಲೈನಿನ ತುದಿಯಲ್ಲಿ ನಿಂತು, "ನಾಳೆ ಹೊಸ ಸ್ಟೈಲಿಗೆ ಟೈಮಿಂಗು. ಕಾಲರ್‌ಗೆ ನಮ್ಮ ಎಕ್ಸ್‌ಪ್ರೆಸ್ಸೇ ಇದಾಳಲ್ಲ" ಎಂದು ಕೂಗಿದ್ದ. ಮೆಲ್ಲಗೆ ಮಾತಾಡಿದ್ದನ್ನು ಯಾರೂ ಕೇಳದ ಆ ಮನುಷ್ಯನಿಗೆ ಲೈನಿನವರು ಮೈಕು ಎಂದು ಹೆಸರಿಟ್ಟಿದ್ದರು. ಎಕ್ಸ್‌ಪ್ರೆಸ್ಸು ಎಂಬ ಹೆಸರು ಅವಳಿಗೆ ಇಟ್ಟವನು ಅವನು. ಮೊದಲು ಅದನ್ನು ಕೇಳಿದಾಗ ಒಳಗೊಳಗೇ ಹಿಗ್ಗಿದ್ದಳಲ್ಲ, ಅದನ್ನು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ.

ವ್ಯಾನಿನಲ್ಲಿ ನಾದಿನಿ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಹೇಳಿಬಿಡಬೇಕು, ಈಗಲೇ, ಇಲ್ಲೇ. ಐದು ತಿಂಗಳ ಹಿಂದೆ ಗಡಿಯಾರದವನು ಬಂದಾಗ ನಾದಿನಿ ಕೆಳಗಿನ ಫ್ಲೋರಿನಲ್ಲಿದ್ದಳು, ಅವಳಿಗೆ ಏನೂ ಗೊತ್ತಿಲ್ಲ. ಅವನು ತೆಳ್ಳಗಿನ, ಮರ್ಯಾದಸ್ಥ ಮನುಷ್ಯ. ಎದೆಗೆ ರಟ್ಟು ಆನಿಸಿಕೊಂಡು, ಬಲಗೈಯಲ್ಲಿ ಗುಂಡಿ ಒತ್ತುವ ಗಡಿಯಾರ ಹಿಡಿದು ಹಿಂದೆ ನಿಲ್ಲುತ್ತಾನೆ. ಹತ್ತು ಕಾಲರ್ ಹೊಲಿಸುತ್ತಾನೆ, ಒಂದೊಂದಕ್ಕೆ ಎಷ್ಟು ಸೆಕೆಂಡು ಹಿಡಿಯಿತು ಎಂದು ಬರೆದುಕೊಳ್ಳುತ್ತಾನೆ. ಅದರ ಸರಾಸರಿಗೆ ಒಂದಿಷ್ಟು ಬಿಡುವು ಸೇರಿಸಿದ್ದೇ ಎಲ್ಲ ಲೈನುಗಳಿಗೂ ಕಟ್ಟಳೆ. ಹಳೆಯ ಕೈಗಳಿಗೆಲ್ಲ ಇದು ಗೊತ್ತು. ಅವನು ನಿಂತರೆ ಸಾಕು, ದಾರ ತುಂಡಾಗುತ್ತದೆ, ಬಾಬಿನ್ ಸಿಕ್ಕಿಹಾಕಿಕೊಳ್ಳುತ್ತದೆ, ಕತ್ತರಿ ಕೆಳಗೆ ಬೀಳುತ್ತದೆ. ಯಾರೂ ಯಾರಿಗೂ ಹೇಳಿಕೊಡದೆ ಎಲ್ಲರೂ ಕಲಿತುಕೊಂಡ ವಿದ್ಯೆ ಅದು. ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಆ ದಿನ ಎರಡನೆಯ ಕಾಲರ್ ಮುಗಿದಾಗ ಅವನು, "ಅಬ್ಬಾ, ನಿಮ್ಮ ಕೈ ನೋಡ್ತಾನೇ ಇರೋಣ ಅನ್ಸುತ್ತೆ ಅಕ್ಕಾ" ಅಂದುಬಿಟ್ಟ. ಅಷ್ಟೇ. ಮೂವತ್ತಾರು ವರ್ಷ ಬದುಕಿದವಳು ಅವಳು. ಚಿಕ್ಕಂದಿನಲ್ಲಿ ಅಮ್ಮ "ಕೈಯಾ ಇದು, ಕೋತಿ ಕೈ" ಎನ್ನುತ್ತಿದ್ದರು. ಶಾಲೆಯಲ್ಲಿ ಗೆಣ್ಣಿಗೆ ಬಿದ್ದ ಏಟುಗಳಿಗೆ ಲೆಕ್ಕವಿಲ್ಲ. ಮದುವೆಯಾದ ಹೊಸದರಲ್ಲಿ ಗಂಡ ಒಮ್ಮೆ ಕೈ ಹಿಡಿದುಕೊಂಡು "ಎಷ್ಟು ಒರಟು ಮಾರಾಯ್ತಿ" ಎಂದು ನಕ್ಕಿದ್ದ. ಆ ಕೈಗಳನ್ನು ಒಬ್ಬ ಓದಿದ ಮನುಷ್ಯ ನಿಂತು ನೋಡಿದ. ಮೂರನೆಯ ಕಾಲರ್‌ನಿಂದ ಅವಳು ಹಾರಿದಳು. ಹತ್ತು ಮುಗಿದಾಗ ಸರಾಸರಿ ಮೂವತ್ತೆಂಟು ಸೆಕೆಂಡು. ಗಂಟೆಗೆ ಅರವತ್ತೈದಿದ್ದ ಟಾರ್ಗೆಟ್ಟು ಮಾರನೆಯ ದಿನ ಎಂಬತ್ತೈದಾಯಿತು.

ಯಾರೂ ಬೈಯಲಿಲ್ಲ. ಬೈದಿದ್ದರೆ ಅತ್ತುಕೊಂಡು ಹಗುರಾಗುತ್ತಿದ್ದಳು. ಊಟದ ಹಾಲಿನಲ್ಲಿ ಅವಳು ಡಬ್ಬಿ ಹಿಡಿದು ಬಂದರೆ ಬೆಂಚಿನ ಮೇಲೆ ಇದ್ದಕ್ಕಿದ್ದಂತೆ ಜಾಗ ಇಲ್ಲವಾಗುತ್ತಿತ್ತು. ಗೋಡೆಯ ಮೇಲೆ 'ತಿಂಗಳ ಆಪರೇಟರ್' ಎಂದು ಅಂಟಿಸಿದ್ದ ಅವಳ ಫೋಟೋದ ಎರಡೂ ಕಣ್ಣಿನಲ್ಲಿ ಒಂದು ಬೆಳಿಗ್ಗೆ ಸೂಜಿಯ ತೂತುಗಳಿದ್ದವು. ಪಕ್ಕದ ಮೆಷಿನ್ನಿನ ಕನ್ನಡಕದಕ್ಕ, ಹದಿನಾಲ್ಕು ವರ್ಷದ ಹಳೆಯ ಕೈ, ಎಂಬತ್ತೈದರ ಹಿಂದೆ ಓಡಿ ಓಡಿ ಕೊನೆಗೊಂದು ದಿನ ತೋರುಬೆರಳನ್ನೇ ಸೂಜಿಗೆ ಕೊಟ್ಟಳು. ಸೂಜಿ ಉಗುರಿನ ಮೇಲಿಂದ ಇಳಿದು ಬೆರಳಿನ ಕೆಳಗೆ ಬಂದಿತ್ತು. ಆಗಲೂ ಅವಳು ಬೈಯಲಿಲ್ಲ, "ಬಟ್ಟೆಗೆ ರಕ್ತ ಆಗ್ಲಿಲ್ಲ ತಾನೆ?" ಎಂದಷ್ಟೇ ಕೇಳಿದಳು. ಆಮೇಲೆ ದಾರ ಕತ್ತರಿಸುವ ಕೆಲಸಕ್ಕೆ ಇಳಿಸಿದರು, ಆಮೇಲೆ ಅವಳು ಬರುವುದೇ ನಿಂತಿತು. ಖಾಲಿಯಾದ ಆ ಮೆಷಿನ್ನಿಗೆ ಮೈಕಿನ ಕೈಕಾಲು ಹಿಡಿದು ನಾದಿನಿಯನ್ನು ಕರೆಸಿಕೊಂಡವಳು ತಾನೇ. ತನ್ನ ಪಕ್ಕದಲ್ಲಿರಲಿ, ಕಣ್ಣಳತೆಯಲ್ಲಿರಲಿ ಎಂದು. ಟಾರ್ಗೆಟ್ಟು ಇಷ್ಟೊಂದು ಯಾಕೆ ಎಂದು ಮನೆಯಲ್ಲಿ ನಾದಿನಿ ಕೇಳಿದಾಗ, "ಕಂಪನಿಯೋರು ಏರ್ಸಿದ್ರು ಕಣೇ, ಅವರಿಗೇನು" ಎಂದಿದ್ದಳು. ಅತ್ತೆ ಕಂಪನಿಯವರ ಏಳು ತಲೆಮಾರಿಗೂ ಶಾಪ ಹಾಕಿದ್ದರು. ಅವಳೂ ತಲೆಯಾಡಿಸಿದ್ದಳು. ಕುಂಬಳಕಾಯಿ ಕಳ್ಳಿ, ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟೂ ಪ್ರಾಮಾಣಿಕತೆ ಇರಲಿಲ್ಲ.

"ಇವತ್ತು ಗಡಿಯಾರದವನು ಬರ್ತಾನೆ" ಎಂದಳು.

ನಾದಿನಿ ಕಣ್ಣು ತೆರೆದಳು. "ಪರೀಕ್ಷೆ ಥರಾನಾ ಅತ್ತಿಗೆ?"

"ಪರೀಕ್ಷೆ ಏನಿಲ್ಲ. ಸುಮ್ನೆ ಬರ್ಕೊಂಡು ಹೋಗ್ತಾನೆ."

"ನಿನ್ನ ಫೋಟೋ ಹಾಕಿದ್ದು ಅದಕ್ಕೇ ಅಲ್ವಾ? ಅಮ್ಮ ಎಲ್ರಿಗೂ ಹೇಳ್ಕೊಂಡು ತಿರುಗ್ತಾಳೆ, ನನ್ನ ಸೊಸೆ ಫೋಟೋ ಗೋಡೆ ಮೇಲಿದೆ ಅಂತ." ನಾದಿನಿ ನಕ್ಕಳು. ನಗುವಿನಲ್ಲಿ ಕೊಂಕು ಇರಲಿಲ್ಲ, ಹೆಮ್ಮೆಯೇ ಇತ್ತು. ಹೇಗೂ ಗಡಿಯಾರದ ಎದುರು ಕೂರುವವಳು ತಾನು, ನಾದಿನಿಯಲ್ಲ. ತಾನು ನಿಧಾನ ಮಾಡಿದರೆ ಆಯಿತಲ್ಲ. ಹಳೆಯ ಕೊಳೆಯನ್ನೆಲ್ಲ ಯಾಕೆ ಕೆದಕಬೇಕು? ವ್ಯಾನು ಗೇಟಿನೊಳಗೆ ತಿರುಗಿತು.

ಹೊಸ ಸ್ಟೈಲು ತಿಳಿಹಸಿರು ಬಣ್ಣದ ತೆಳು ಅಂಗಿ. ಎರಡು ಸಲ ಒಗೆದರೆ ಮೂರನೆಯ ಸಲ ಒರೆಸುವ ಬಟ್ಟೆ. ಆದರೂ ಎಲ್ಲೋ ಯಾರಿಗೋ ಹದಿನೈದು ದಿನದೊಳಗೆ ಅದು ಬೇಕೇಬೇಕಂತೆ, ಆಮೇಲೆ ಬೇರೆ ಬಣ್ಣ ಬರುತ್ತದಂತೆ. ಗಡಿಯಾರದವನು ಹತ್ತೂಕಾಲಿಗೆ ಬಂದ. "ಚೆನ್ನಾಗಿದೀರಾ ಅಕ್ಕಾ?" ಎಂದ. ಅವನ ಮರ್ಯಾದೆಯೇ ಅವಳಿಗೆ ಹೆದರಿಕೆ. ಹಿಂದೆ ಟಿಕ್ ಎಂದಿತು. ಮೊದಲ ಕಾಲರ್ ಎತ್ತಿಕೊಂಡಳು. ಕುತ್ತಿಗೆಯ ಗುರುತಿಗೆ ಗುರುತು ಕೂಡಿಸಿ, ಕೂಡಿದ್ದನ್ನು ಬಿಡಿಸಿ ಮತ್ತೆ ಕೂಡಿಸಿದಳು. ಪೆಡಲ್ಲಿನ ಮೇಲಿನ ಪಾದವನ್ನು ಎತ್ತಿ ಹಿಡಿಯುವುದೇ ಒಂದು ಕೆಲಸವಾಯಿತು, ತೊಡೆಯ ಸ್ನಾಯು ನಡುಗತೊಡಗಿತು. ಎದುರು ಸಾಲಿನ ಹೆಂಗಸರು ತಲೆ ಎತ್ತದೆ ನೋಡುತ್ತಿದ್ದರು, ಅದು ಅವಳಿಗೆ ಗೊತ್ತಾಗುತ್ತಿತ್ತು. ಐವತ್ತೊಂದು. ಸೆಕೆಂಡು ಎಣಿಸಲು ಅವಳಿಗೆ ಗಡಿಯಾರ ಬೇಕಿರಲಿಲ್ಲ, ಏಳು ವರ್ಷದಲ್ಲಿ ಅದು ತಲೆಯೊಳಗೇ ಹೊಕ್ಕು ಕೂತಿತ್ತು. ಎರಡನೆಯದಕ್ಕೆ ದಾರ ಕತ್ತರಿಸಿ ತುದಿಯನ್ನು ನೋಡುತ್ತ ಕೂತಳು. ಐವತ್ತನಾಲ್ಕು. ಮೂರನೆಯದಕ್ಕೆ ಕತ್ತರಿ ಬೀಳಿಸಿದಳು. ಬೀಳಿಸಿದ್ದು ಕಣ್ಣಿಗೆ ರಾಚುವಂತಿತ್ತು. ಎಂಥ ಹೀನಾಯ ನಟನೆ ಎಂದು ಅವಳಿಗೇ ನಾಚಿಕೆಯಾಯಿತು.

"ಏನಮ್ಮ, ಎಕ್ಸ್‌ಪ್ರೆಸ್ಸು ಗೂಡ್ಸ್ ಗಾಡಿ ಆಯ್ತಾ?" ಮೈಕು ಬಂದಿದ್ದ. ರಟ್ಟಿನ ಮೇಲಿನ ಅಂಕಿಗಳನ್ನು ಇಣುಕಿ ನೋಡಿದ. "ಹಳೇದು ಮೂವತ್ತೆಂಟು. ಇದು ಐವತ್ತನಾಲ್ಕು! ಯಾರಿಗೆ ಕಿವಿ ಮೇಲೆ ಹೂವು ಇಡ್ತಿದೀಯಾ?"

"ಕೈ ಹಿಡ್ಕೊಂಡಿದೆ ಸಾರ್."

"ಬಾಯಿ ಹಿಡ್ಕೊಂಡಿಲ್ವಲ್ಲ. ಏಳು." ಅವಳು ಎದ್ದಳು. ಎಲ್ಲರೂ ಕೂತಿರುವಾಗ ಒಬ್ಬಳೇ ನಿಲ್ಲುವುದು ಲೈನಿನಲ್ಲಿ ಒಂದು ಶಿಕ್ಷೆ, ಆದರೆ ಇವತ್ತು ಆ ಅವಮಾನ ತಟ್ಟಲಿಲ್ಲ. ಯಾಕೆಂದರೆ ಮೈಕು ಪಕ್ಕಕ್ಕೆ ತಿರುಗಿದ್ದ. "ನೀನು ತೋರ್ಸಮ್ಮ. ಅತ್ತಿಗೆ ಕಲ್ಸಿದ್ದು ಎಷ್ಟು ಬಂದಿದೆ ನೋಡೋಣ. ಯಾಕೆ, ಮುಖ ಬಿಳಚ್ಕೊಂಡಿದೆ? ಎರಡು ದಿನದಿಂದ ನೋಡ್ತಿದೀನಿ, ಹುಷಾರಿಲ್ವಾ?"

"ಇಲ್ಲ ಸಾರ್, ಚೆನ್ನಾಗಿದೀನಿ, ಚೆನ್ನಾಗೇ ಇದೀನಿ" ಎಂದು ನಾದಿನಿ ಎರಡೆರಡು ಸಲ ಹೇಳಿ ಬೆನ್ನು ನೆಟ್ಟಗೆ ಮಾಡಿ ಕೂತಳು.

ಈ ಪೆದ್ದಿಗೆ ಗೊತ್ತಿಲ್ಲ. ಗಟ್ಟಿಮುಟ್ಟಾಗಿದ್ದೇನೆ ಎಂದು ತೋರಿಸಲು ಈಗ ಇವಳು ಹೊಲಿಯುತ್ತಾಳೆ, ಜೀವ ಬಿಟ್ಟು ಹೊಲಿಯುತ್ತಾಳೆ. ಹತ್ತು ಕಾಲರ್ ಚಕಚಕ ಮುಗಿಸಿದರೆ ಯಾರಿಗೂ ಅನುಮಾನ ಬರುವುದಿಲ್ಲ ಅಂದುಕೊಂಡಿದ್ದಾಳೆ. ಇವತ್ತಿನ ಹತ್ತು ನಾಳೆಯಿಂದ ಗಂಟೆಗೆ ತೊಂಬತ್ತಾಗುತ್ತದೆ, ಇಪ್ಪತ್ತಾರು ದಿನವೂ ತೊಂಬತ್ತು, ನೀರಿಲ್ಲ, ಏಳುವಂತಿಲ್ಲ. ಆಸ್ಪತ್ರೆಯ ಆ ಉದ್ದನೆಯ ಕಾರಿಡಾರು ನೆನಪಾಯಿತು, ಎರಡನೆಯ ಬಸುರು ಹೋದಾಗ ನಾದಿನಿ ಅಲ್ಲಿ ಬೆಂಚಿನ ಮೇಲೆ ಕೂತು ಕಾಲುಗಳನ್ನು ಬಿಗಿಯಾಗಿ ಜೋಡಿಸಿಕೊಂಡು "ಇನ್ನೂ ಪೂರ್ತಿ ಹೋಗಿಲ್ಲ ಅತ್ತಿಗೆ, ಹೀಗೇ ಕೂತಿದ್ರೆ ನಿಲ್ಲಬಹುದು" ಎಂದಿದ್ದಳು. ಟಿಕ್. ನಾದಿನಿಯ ಕೈ ಹೊರಟಿತು.

ಇವಳು ಕೆಮ್ಮಿದಳು. ನಾದಿನಿ ಕೇಳಿಸಿಕೊಳ್ಳಲಿಲ್ಲ. "ದಾರ ನೋಡ್ಕೊ, ದಾರ" ಎಂದಳು. ಮೈಕು, "ನೀನು ಬಾಯಿ ಮುಚ್ಕೊಂಡು ನಿಲ್ಲು" ಎಂದ. ನಾದಿನಿ ಒಂದೇ ಒಂದು ಸಲ ಕಣ್ಣೆತ್ತಿ ನೋಡಿದಳು. ಇವಳು ಕಣ್ಣಿನಲ್ಲೇ ಬೇಡ, ಬೇಡ ಎಂದಳು. ಅದನ್ನು ಧೈರ್ಯ ತುಂಬುತ್ತಿದ್ದಾಳೆ ಎಂದು ತಿಳಿದುಕೊಂಡು ನಾದಿನಿ ಸಣ್ಣಗೆ ನಕ್ಕಳು. ನಲವತ್ತಾರು. ನಲವತ್ತನಾಲ್ಕು. ಮೂರನೆಯದು ನಲವತ್ತೆರಡು. ಹೇಳಬೇಕಾದ ಮಾತು ನಾಲ್ಕೇ ಪದ: ನಿಧಾನ ಹೊಲಿ, ಟಾರ್ಗೆಟ್ಟು ಏರುತ್ತೆ. ಎಲ್ಲರ ಎದುರಿಗೆ ಹಾಗೆಂದರೆ ಮುಂದಿನ ಪ್ರಶ್ನೆ ನಾದಿನಿಯದು: ನಿನಗೆ ಹೇಗೆ ಗೊತ್ತು ಅತ್ತಿಗೆ? ಎದುರು ಸಾಲಿನವರು ಉತ್ತರ ಕೊಡಲು ಐದು ತಿಂಗಳಿನಿಂದ ಕಾದು ಕೂತಿದ್ದಾರೆ. ಹೇಳಲಿ ಬಿಡು, ಏನಾಗುತ್ತದೆ, ಮುಖ ಹೋಗುತ್ತದೆ, ಹೋಗಲಿ. ಇನ್ನೊಂದು ಕಾಲರ್ ಆಗಲಿ, ಆಮೇಲೆ ಹೇಳುತ್ತೇನೆ. ನಲವತ್ತೆರಡು. ಇನ್ನೊಂದು.

ಐದನೆಯದರ ಹೊತ್ತಿಗೆ ಅವಳು ನಾದಿನಿಯ ಹೊಟ್ಟೆಯನ್ನಲ್ಲ, ಕೈಗಳನ್ನು ನೋಡುತ್ತಿದ್ದಳು. ಎಡಗೈ ಹೆಬ್ಬೆರಳಿನಿಂದ ಬಟ್ಟೆಯನ್ನು ಒಳಕ್ಕೆ ತಳ್ಳುವ ಆ ರೀತಿ ತನ್ನದು, ತಾನು ಕಲಿಸಿದ್ದು. ಬಲಗೈ ಮುಂದಿನ ಪೀಸನ್ನು ಆಗಲೇ ಹಿಡಿದು ಕಾಯುವುದೂ ತನ್ನದೇ. ಆದರೆ ತಿರುವಿನಲ್ಲಿ ತಾನು ಒಂದು ಸಲ ನಿಲ್ಲುತ್ತೇನೆ, ಇವಳು ನಿಲ್ಲುತ್ತಿಲ್ಲ, ನಿಲ್ಲದೆಯೇ ತಿರುಗಿಸುತ್ತಿದ್ದಾಳೆ. ಇದನ್ನು ಯಾವಾಗ ಕಲಿತಳು? ತನ್ನ ಪಕ್ಕದಲ್ಲೇ ಕೂತು, ತನಗೆ ಹೇಳದೆ? ಆರನೆಯದು ಮೂವತ್ತೊಂಬತ್ತೋ ನಲವತ್ತೋ. ಗಡಿಯಾರದವನು ಬರೆಯುವುದನ್ನು ಬಿಟ್ಟು ನೋಡುತ್ತಿದ್ದ. "ಅಬ್ಬಾ" ಎಂದ. ಅದೇ ಅಬ್ಬಾ. ಅದೇ ದನಿ. ಏಳನೆಯ ಕಾಲರ್ ಸೂಜಿಯ ಕೆಳಗೆ ಜಾರಿ ಹೋಯಿತು, ಅವಳು ಉಸಿರು ಹಿಡಿದು ಎಣಿಸಿದಳು, ದಾರ ಕತ್ತರಿಸಿದಾಗ ಎಣಿಕೆ ಮೂವತ್ತಾರರಲ್ಲಿತ್ತು. ಮೂವತ್ತಾರು! ಎದೆಯಲ್ಲಿ ಏನೋ ಚುರ್ರೆಂದು ಸುಟ್ಟಿತು. ಅದು ಹೆದರಿಕೆಯಲ್ಲ, ಕರುಣೆಯಂತೂ ಅಲ್ಲವೇ ಅಲ್ಲ, ಅದು ಏನು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮತ್ತು ಆಗ ಅವಳ ಬಾಯಿ ತೆರೆದುಕೊಂಡಿತು.

"ನಿಲ್ಸಿ ಸಾರ್. ಅವಳು ಬಸುರಿ."

ಮೆಷಿನ್ನು ನಿಂತಿತು. ಎಡಬಲದ ಮೆಷಿನ್ನುಗಳೂ ಒಂದೊಂದಾಗಿ ನಿಂತವು. ನಾದಿನಿಯ ಕೈಯಲ್ಲಿ ಎಂಟನೆಯ ಕಾಲರ್ ಇತ್ತು, ಅದನ್ನು ಅವಳು ಕೆಳಗಿಡಲಿಲ್ಲ. ಹೇಳಲು ನೂರು ಮಾತುಗಳಿದ್ದವು. ನಾನೇ ಸರಿಯಾಗಿ ಹೊಲೀತೀನಿ ಅನ್ನಬಹುದಿತ್ತು, ತಲೆ ಸುತ್ತುತ್ತಿದೆ ಎಂದು ಬೀಳಬಹುದಿತ್ತು, ಆ ನಾಲ್ಕು ಪದ ಹೇಳಬಹುದಿತ್ತು. ಟಾರ್ಗೆಟ್ಟು ಏರದ ಹಾಗೆ ಮಾಡಲು, ಮಗು ಉಳಿಸಲು ಅಂದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಎಷ್ಟು ಬೇಗ ಹೇಳಿಕೊಂಡಳೆಂದರೆ ಅಷ್ಟು ಬೇಗ ಬಂದ ಕಾರಣವನ್ನು ನಂಬುವುದಕ್ಕೆ ಅವಳಿಂದಲೇ ಆಗಲಿಲ್ಲ.

"ಎಷ್ಟು ತಿಂಗಳು?" ಎಂದ ಮೈಕು. ಮೊದಲ ಸಲ ಅವನು ಮೆಲ್ಲಗೆ ಮಾತಾಡಿದ್ದು. ಗಡಿಯಾರದವನು ಮುಜುಗರದಿಂದ ಹಾಳೆಯ ಮೇಲೆ ಅಡ್ಡ ಗೀಟು ಎಳೆದ. "ಬಾಮ್ಮ, ಆಫೀಸಿಗೆ ಬಾ. ಕಾರ್ಡು ತಗೊಂಡು ಬಾ" ಎಂದು ಮೈಕು ಮುಂದೆ ನಡೆದ. ನಾದಿನಿ ಎದ್ದಳು. ಏಪ್ರನ್ನನ್ನು ಹೊಟ್ಟೆಯ ಮೇಲೆ ಸರಿಮಾಡಿಕೊಂಡಳು, ಇನ್ನೂ ಮುಚ್ಚಿಡುವುದು ಏನೋ ಉಳಿದಿದೆ ಎಂಬಂತೆ. ಕಾಲರನ್ನು ಮಡಿಸಿ ಮೆಷಿನ್ನಿನ ಮೇಲಿಟ್ಟಳು. ಬೈಯುತ್ತಾಳೆ, ಬೈಯಲಿ, ಉಗಿಯಲಿ, ಎಲ್ಲರೆದುರು ಕಪಾಳಕ್ಕೆ ಹೊಡೆಯಲಿ ಎಂದು ಇವಳು ಕಾದಳು.

"ಇನ್ನು ಮೂರೇ ಇತ್ತಲ್ಲ ಅತ್ತಿಗೆ" ಎಂದಳು ನಾದಿನಿ. ನಿಜಕ್ಕೂ ಅರ್ಥವಾಗದೆ ಕೇಳಿದಳು.

ಅವಳು ಸಾಲುಗಳ ನಡುವಿನ ದಾರಿಯಲ್ಲಿ ಒಂದು ಕೈಯಿಂದ ಮೆಷಿನ್ನುಗಳ ಅಂಚು ಹಿಡಿದುಕೊಳ್ಳುತ್ತ ನಡೆದು ಹೋದಳು. ಸಂಜೆ ಇಬ್ಬರೂ ಒಂದೇ ಮನೆಗೆ ಹೋಗಬೇಕು. ಅತ್ತೆ ಬಾಗಿಲಲ್ಲಿ ನಿಂತಿರುತ್ತಾರೆ. ಕಂಪನಿಯವರು ಹೇಗೋ ಕಂಡುಹಿಡಿದರು ಎಂದು ಈ ಸಲ ಹೇಳಲು ಬರುವುದಿಲ್ಲ, ಬಾಯಿಬಿಟ್ಟವಳು ತಾನು ಎಂದು ನೋಡಿದ ಕಣ್ಣುಗಳು ನಲವತ್ತಿವೆ. ಗಡಿಯಾರದವನು ಹೊಸ ಹಾಳೆ ತಿರುಗಿಸಿ, "ಬೇಗ ಮುಗ್ಸಿಬಿಡೋಣ ಅಕ್ಕಾ, ಮೇಲಿನ ಫ್ಲೋರು ಬಾಕಿ ಇದೆ. ನೀವೇ ಕೂತ್ಕೊಳ್ಳಿ" ಎಂದ. ಅವಳು ತನ್ನ ಮೆಷಿನ್ನಿಗೆ ಕೂತಳು. ಟಿಕ್. ಕತ್ತರಿ ಬೀಳಿಸಬೇಕಾಗಲಿಲ್ಲ. ಕೈಗಳು ತಾವಾಗಿಯೇ ನಡುಗುತ್ತಿದ್ದವು, ಗುರುತಿಗೆ ಗುರುತು ಕೂಡುತ್ತಿರಲಿಲ್ಲ, ಬೆಳಿಗ್ಗೆಯಿಂದ ಕಲಿಸಿ ಕಲಿಸಿ ಬಾರದ ನಿಧಾನ ಈಗ ತಾನೇ ಬಂದಿತ್ತು. ಹತ್ತೂ ಮುಗಿದಾಗ ಅವನು ಕೂಡಿ ಕಳೆದು, "ಐವತ್ತೈದು. ಸರಿ, ಇದನ್ನೇ ಕೊಡ್ತೀನಿ, ಗಂಟೆಗೆ ಅರವತ್ತು ಬೀಳುತ್ತೆ" ಎಂದ. ಎದುರು ಸಾಲಿನಲ್ಲಿ ಯಾರೋ ದೊಡ್ಡದಾಗಿ ಉಸಿರು ಬಿಟ್ಟರು. ಅರವತ್ತು. ಏಳಬಹುದಾದ, ನೀರು ಕುಡಿಯಬಹುದಾದ, ಕೂತು ಬಸುರನ್ನು ಹೊರಬಹುದಾದ ಅರವತ್ತು. ಪಕ್ಕದ ಕುರ್ಚಿ ಖಾಲಿಯಿತ್ತು.

ಅವನು ರಟ್ಟು ಮಡಿಸಿ ಹೊರಟ. ಬಿಟ್ಟರೆ ಹೋಗಿಬಿಡುತ್ತಿದ್ದ.

"ಸಾರ್" ಎಂದಳು. "ಅವಳ ಏಳನೇದು ಎಷ್ಟಿತ್ತು?"

"ಅದು ಕ್ಯಾನ್ಸಲ್ ಆಯ್ತಲ್ಲ ಅಕ್ಕಾ."

"ಆದ್ರೂ. ಸುಮ್ನೆ ಕೇಳ್ದೆ."

ಅವನು ಗೀಟು ಎಳೆದ ಹಾಳೆಯನ್ನು ಹಿಂದಕ್ಕೆ ತಿರುವಿ, ಬೆರಳಿಟ್ಟು ನೋಡಿದ. "ಏಳನೇದು... ಮೂವತ್ತೊಂಬತ್ತು. ಅದೇ ಅವರದ್ದು ಎಲ್ಲಕ್ಕಿಂತ ಕಮ್ಮಿ." ಆಮೇಲೆ, ಪಾಪ, ಅವಳ ಮುಖ ನೋಡಿ ಏನೋ ಒಂದು ಒಳ್ಳೆಯ ಮಾತು ಹೇಳಬೇಕೆನಿಸಿ, "ನಿಮ್ಮ ಮೂವತ್ತೆಂಟನ್ನ ಇನ್ನೂ ಯಾರೂ ಮುಟ್ಟಿಲ್ಲ ಬಿಡಿ" ಎಂದ.

ಸದ್ಯ, ಅನ್ನಿಸಿತು ಅವಳಿಗೆ. ತಡೆಯಬೇಕೆಂದುಕೊಳ್ಳುವಷ್ಟರಲ್ಲಿ ಅನ್ನಿಸಿಯೇ ಬಿಟ್ಟಿತ್ತು.